ಆರು ತಂತಿ, ನಾಲ್ಕು ಮಣಿ

ದೊಡ್ಡಪ್ಪನ ಫೋನ್ ಬಂದಾಗ ನಾನು ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿದ್ದೆ. ಅವರು ಸುಮ್ಮಸುಮ್ಮನೆ ಫೋನ್ ಮಾಡೋರಲ್ಲ. ಏನಾಯ್ತೋ ಅಂತ ಮೈಕ್ ಮ್ಯೂಟ್ ಮಾಡಿ ಎತ್ತಿದೆ.

"ಶ್ರಾವಣ ಹತ್ರ ಬಂತು ಕಣೋ. ಭಜನೆ ಮನೆ ತಂಬೂರಿ ತಂತಿ ಹರ್ಕೊಂಡು ಕುಂತೈತಿ. ಬೆಂಗಳೂರಾಗೆ ತಂತಿ ಸೆಟ್ಟು ಸಿಗ್ತಾವಂತೆ. ತಗೊಂಡು ಬಂದು ಹಾಕಿಕೊಟ್ಟು ಹೋಗು."

"ಹಾಕೋದು ನೀವಲ್ವಾ ದೊಡ್ಡಪ್ಪ?"

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಕೈ ಹಿಡಿತ ಇಲ್ಲಲ್ಲೋ ಈಗ," ಅಂದ್ರು.

ನನಗೆ ಮರೆತೇ ಹೋಗಿತ್ತು. ಹಿಂದಿನ ವರ್ಷ ಲಕ್ವ ಹೊಡೆದು ಅವರ ಬಲಗೈ ಬೆರಳುಗಳು ಸ್ವಾಧೀನ ತಪ್ಪಿದ್ದವು. ನಾನೇ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದಿದ್ದೆ. ಆದರೆ ಆ ಬೆರಳುಗಳು ಊರಲ್ಲಿ ಏನೇನು ಕೆಲಸ ಮಾಡ್ತಿದ್ದವು ಅಂತ ಒಮ್ಮೆಯೂ ಯೋಚನೆ ಮಾಡಿರಲಿಲ್ಲ.

ಫೋನ್ ಇಟ್ಟು ತಲೆ ಎತ್ತಿದರೆ ಎದುರಿನ ಗೋಡೆಯ ಮೇಲೆ ನನ್ನ ಎಲೆಕ್ಟ್ರಿಕ್ ಗಿಟಾರ್. ಅದರ ತಂತಿ ಹರಿದೂ ಎರಡು ವರ್ಷ ಆಗಿತ್ತು. ನನ್ನ ಕೈಗೆ ಏನೂ ಆಗಿರಲಿಲ್ಲ. ಸೋಮಾರಿತನ, ಅಷ್ಟೇ. ಅದರಲ್ಲಿರೋದು ಫ್ಲಾಯ್ಡ್ ರೋಸ್ ಅನ್ನೋ ಲಾಕಿಂಗ್ ಟ್ರೆಮೊಲೊ. ಆ ಗಿಟಾರಿಗೆ ತಂತಿ ಹಾಕೋದು ಅಂದ್ರೆ ಅರ್ಧ ಭಾನುವಾರ ಹೋಯ್ತು ಅಂತ ಲೆಕ್ಕ. ಹಾಗಾಗಿ 'ಮುಂದಿನ ವಾರ ನೋಡೋಣ' ಅಂತ ಎರಡು ವರ್ಷ ನೂಕಿದ್ದೆ.

ಆ ವಾರ ಎರಡಕ್ಕೂ ತಂತಿ ಕೊಂಡೆ. ಗಿಟಾರನ್ನೂ ಚೀಲಕ್ಕೆ ಹಾಕಿಕೊಂಡು ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಈ ಬರಹ ಆ ಎರಡು ವಾದ್ಯಗಳ ತಂತಿಗಳದ್ದು. ಎಳೆದ ತಂತಿ ಮತ್ತೆ ತನ್ನ ಜಾಗಕ್ಕೇ ಬಂದು ನಿಲ್ಲಬೇಕು ಅಂತ ಮನುಷ್ಯರು ಏನೇನು ಸರ್ಕಸ್ ಮಾಡಿದ್ದಾರೆ ಅನ್ನೋದರ ಚರಿತ್ರೆ ಅಂತಲೂ ಹೇಳಬಹುದು.

*

ನಮ್ಮೂರು ಸಾಸ್ವೆಹಳ್ಳಿ, ಹೊನ್ನಾಳಿ ತಾಲ್ಲೂಕು. ನಾನು ಶಾಲೆಗೆ ಸೇರಿದಾಗ ನಮ್ಮದು ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆ ಆಯಿತು, ನಾವು ಮನೆ ಬಿಟ್ಟು ಕದಲದೆ ಜಿಲ್ಲೆ ಬದಲಾಯಿಸಿದೆವು. ಭತ್ತ, ಅಡಿಕೆ, ಶನಿವಾರದ ಭಜನೆ. ಗಿಟಾರ್ ಅನ್ನೋದನ್ನು ನಾನು ಮೊದಲು ನೋಡಿದ್ದು ಟೀವಿಯಲ್ಲಿ, ಸಿನಿಮಾ ಹೀರೋ ಕೈಯಲ್ಲಿ. ಅದು ನಿಜವಾಗಿ ಎಂಥ ಸದ್ದು ಮಾಡುತ್ತೆ ಅಂತ ಗೊತ್ತಾಗಿದ್ದು ಬಹಳ ತಡವಾಗಿ, 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ.

ಅವತ್ತು ಮೆಟಾಲಿಕಾ ಬಂದಿತ್ತು. ದಾವಣಗೆರೆಯಲ್ಲಿ ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ರೂಮ್‌ಮೇಟ್‌ಗಳು ಎಳೆದುಕೊಂಡು ಹೋದರು. ನನಗೆ ಒಂದು ಹಾಡೂ ಗೊತ್ತಿಲ್ಲ, ಸುತ್ತ ಕಪ್ಪು ಟೀಶರ್ಟಿನ ಸಮುದ್ರ. ಕಿರ್ಕ್ ಹ್ಯಾಮೆಟ್ ಸೋಲೋ ನುಡಿಸುತ್ತಾ ಗಿಟಾರಿಗೆ ಸಿಕ್ಕಿಸಿದ್ದ ಉಕ್ಕಿನ ಕಡ್ಡಿಯನ್ನು ಒತ್ತಿದ. ಸ್ವರ ಜಾರಿ ಪಾತಾಳಕ್ಕೆ ಇಳಿದು, ಮತ್ತೆ ಕಿರುಚುತ್ತಾ ಮೇಲೆ ಬಂತು. ಪಕ್ಕದವನು ಕೂಗಿದ, "ಮಚ್ಚಾ, ಇಂಥದ್ದು ಲೈಫಲ್ಲಿ ಕೇಳಿದ್ದೀಯಾ?"

ಕೇಳಿದ್ದೆ. ನಮ್ಮ ಮನೆ ಬಾಗಿಲಲ್ಲೇ ಕೇಳಿದ್ದೆ.

ಚಿಕ್ಕಂದಿನಲ್ಲಿ ಪಡ್ಲಿಗೆ ಹೊತ್ತು ಬರುತ್ತಿದ್ದ ಜೋಗತಿಯರ ಜೊತೆ ಒಂದು ಚೌಡಿಕೆ ಇರುತ್ತಿತ್ತು. ನೋಡದವರಿಗೆ ಹೇಳ್ತೀನಿ. ಕಾಳು ಅಳೆಯುವ ಬಳ್ಳದಂಥ ಮರದ ಕೊಳವೆ. ಅದರ ಒಂದು ಬಾಯಿಗೆ ತೊಗಲು ಬಿಗಿದಿರುತ್ತಾರೆ. ತೊಗಲಿನ ನಡುವಿನಿಂದ ಒಂದು ನರದ ತಂತಿ ಹೊರಡುತ್ತೆ, ಅದರ ಇನ್ನೊಂದು ತುದಿ ನುಡಿಸುವವರ ಕೈಯಲ್ಲಿ. ಕೊಳವೆಯನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈಯಲ್ಲಿ ತಂತಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಮೀಟುತ್ತಾರೆ. ಎಳೆದರೆ ಸ್ವರ ಏರುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ನಮ್ಮ ಆಫೀಸಿನಲ್ಲಿ ಎಲ್ಲರೂ ಅವರ ವಿಡಿಯೊ ನೋಡಿದರು. ಹಾಡಿನ ಹಿಂದೆ ಆ 'ಟುಂಯ್ ಟುಂಯ್' ಏನು ಅಂತ ಒಬ್ಬನೂ ಕೇಳಲಿಲ್ಲ.

ಚೌಡಿಕೆ ನುಡಿಸುವವರಿಗೆ ತಂತಿ ಶ್ರುತಿಗೆ ವಾಪಸ್ ಬರುತ್ತಾ ಇಲ್ಲವಾ ಅನ್ನೋ ತಲೆನೋವು ಇಲ್ಲ. ಬಿಗಿ ಎಷ್ಟಿರಬೇಕು ಅಂತ ಪ್ರತಿ ಸಲ ಕೈಯೇ ತೀರ್ಮಾನ ಮಾಡುತ್ತೆ. ಕಿವಿ ಕೇಳುತ್ತೆ, ಕೈ ತಿದ್ದುತ್ತೆ. ತಂತಿಯನ್ನು ಕೈಯಿಂದ ಬಿಡಿಸಿ ಮರಕ್ಕೆ ಕಟ್ಟಿ, ಬಿರಡೆ ತಿರುಗಿಸಿ, 'ಇದೇ ನಿನ್ನ ಸ್ವರ, ಅಲ್ಲಾಡಬೇಡ' ಅಂದ ದಿನದಿಂದ ತಲೆನೋವು ಶುರುವಾಯಿತು.

*

ಸ್ವಲ್ಪ ಫಿಸಿಕ್ಸ್, ಹೆದರಬೇಡಿ. 1636ರಲ್ಲಿ ಫ್ರಾನ್ಸಿನ ಮರೆನ್ ಮರ್ಸೆನ್ ಅನ್ನೋ ಪಾದ್ರಿ ತಂತಿಯ ನಿಯಮಗಳನ್ನು ಪುಸ್ತಕದಲ್ಲಿ ಬರೆದ. ತಂತಿಯ ಉದ್ದ ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತೆ. ಆದರೆ ಉದ್ದ ಹಾಗೇ ಇಟ್ಟು ಬರೀ ಬಿಗಿ ಏರಿಸಿ ಅದೇ ಸ್ಥಾಯಿ ಏರಬೇಕಾದರೆ ಬಿಗಿ ನಾಲ್ಕು ಪಟ್ಟು ಆಗಬೇಕು. ಅಷ್ಟು ಬಿಗಿ ಎಷ್ಟೋ ತಂತಿಗಳು ತಡೆಯೋದಿಲ್ಲ. ಹಾಗಾಗಿ ಸ್ವರಕ್ಕೆ ಉದ್ದ, ಗಮಕಕ್ಕೆ ಬಿಗಿ ಅಂತ ಕೆಲಸ ಹಂಚಿಕೆ ಆಯಿತು. ವೀಣೆ ನುಡಿಸುವವರು ಮೆಟ್ಟಿಲ ಮೇಲೆ ಬೆರಳಿಟ್ಟು ಸ್ವರ ಹಿಡಿಯುತ್ತಾರೆ, ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ಕೊಡುತ್ತಾರೆ. ಎಳೆಯೋದೂ ಬೆರಳೇ, ಬಿಡೋದೂ ಬೆರಳೇ.

ಅಮೆರಿಕದವರು ಈ ಎಳೆಯೋ ಕೆಲಸವನ್ನು ಮೆಷಿನ್ನಿಗೆ ಕೊಟ್ಟರು. ಡಾಕ್ ಕೌಫ್‌ಮನ್ ಅನ್ನೋರು 1929ರಲ್ಲೇ ಇಂಥದ್ದೊಂದು ಉಪಕರಣಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಆಮೇಲೆ ಪಾಲ್ ಬಿಗ್ಸ್‌ಬಿ ಬಂದ. ಅವನ ಉಪಕರಣ ಸ್ವರವನ್ನು ನೀರಿನ ಮೇಲಿನ ನೆರಳಿನ ಹಾಗೆ ಸ್ವಲ್ಪ ಅಲುಗಿಸುತ್ತಿತ್ತು, ಅದಕ್ಕಿಂತ ಹೆಚ್ಚು ಕೇಳಬಾರದು.

1954ರಲ್ಲಿ ಲಿಯೊ ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರ್ ತಂದ. ಈ ಮಹಾನುಭಾವ ಮೂಲತಃ ರೇಡಿಯೊ ರಿಪೇರಿ ಅಂಗಡಿಯವನು. ಅವನಿಗೆ ಗಿಟಾರ್ ನುಡಿಸೋಕೇ ಬರುತ್ತಿರಲಿಲ್ಲ. ತಾನು ಬಳಸದ ಪ್ರಾಡಕ್ಟನ್ನು ಇಷ್ಟು ಚೆನ್ನಾಗಿ ಮಾಡಿದ ಎಂಜಿನಿಯರ್ ಇನ್ನೊಬ್ಬ ಇದ್ದಾನೋ ಇಲ್ಲವೋ! ಅವನ ಐಡಿಯಾ ನಮ್ಮೂರ ಸಂತೆಯ ತಕ್ಕಡಿಯಂಥದ್ದು. ತಂತಿಗಳು ಕೂರುವ ಕುದುರೆಯನ್ನು, ಅಂದ್ರೆ ಬ್ರಿಡ್ಜನ್ನು, ಮರಕ್ಕೆ ಅಂಟಿಸದೆ ಅಲ್ಲಾಡುವ ಹಾಗೆ ಕೂರಿಸಿದ. ಒಂದು ಕಡೆ ಆರು ತಂತಿಗಳ ಎಳೆತ. ಇನ್ನೊಂದು ಕಡೆ, ಗಿಟಾರಿನ ಬೆನ್ನೊಳಗೆ, ಸ್ಪ್ರಿಂಗುಗಳ ಎಳೆತ. ಕಡ್ಡಿ ಒತ್ತಿದರೆ ತಕ್ಕಡಿ ವಾಲುತ್ತೆ, ಆರೂ ತಂತಿ ಸಡಿಲವಾಗುತ್ತವೆ. ಬಿಟ್ಟರೆ ಸ್ಪ್ರಿಂಗು ವಾಪಸ್ ಎಳೆಯುತ್ತೆ.

ಹೆಸರು ಮಾತ್ರ ತಪ್ಪಿಟ್ಟ. ಸ್ವರ ಏರಿಳಿದರೆ ಅದು ವೈಬ್ರೇಟೊ, ಸದ್ದಿನ ಜೋರು ಏರಿಳಿದರೆ ಅದು ಟ್ರೆಮೊಲೊ. ಫೆಂಡರ್ ಉಲ್ಟಾ ಕರೆದ. ಎಪ್ಪತ್ತು ವರ್ಷ ಆಯಿತು, ಇನ್ನೂ ಯಾರೂ ಸರಿ ಮಾಡಿಲ್ಲ. ಕೋಡಿನಲ್ಲಿ ಒಮ್ಮೆ ತಪ್ಪು ವೇರಿಯಬಲ್ ಹೆಸರು ಕೂತರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಉತ್ಸವದ ಕೊನೆಯ ಬೆಳಿಗ್ಗೆ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆ ನುಡಿಸಿದ. ವಿಯೆಟ್ನಾಂ ಯುದ್ಧದ ಕಾಲ. ಆ ಕಡ್ಡಿ ಹಿಡಿದು ರಾಷ್ಟ್ರಗೀತೆಯ ನಡುವೆಯೇ ಬಾಂಬಿನ ಸದ್ದು, ವಿಮಾನದ ಸದ್ದು ತಂದ. ಅಲ್ಲಿಂದ ಮುಂದೆ ಗಿಟಾರ್ ಹಿಡಿದ ಹುಡುಗರಿಗೆಲ್ಲ ಅದೇ ಬೇಕಾಯಿತು. ಆದರೆ ಒಮ್ಮೆ ಜೋರಾಗಿ ಕಡ್ಡಿ ಒತ್ತಿದರೆ ಮುಗಿಯಿತು, ಗಿಟಾರ್ ಶ್ರುತಿ ತಪ್ಪಿ ಕೂರುತ್ತಿತ್ತು. ಸ್ಪ್ರಿಂಗು ಸರಿ ಇದೆ, ತಂತಿ ಸರಿ ಇದೆ, ಆದರೂ ವಾಪಸ್ ಬಂದ ಸ್ವರ ಹೋದ ಸ್ವರ ಅಲ್ಲ. ಯಾಕೆ?

*

ಈ 'ಯಾಕೆ'ಗೆ ಹಠ ಹಿಡಿದು ಕೂತವನು ಫ್ಲಾಯ್ಡ್ ರೋಸ್. ಗಿಟಾರ್ ನುಡಿಸುತ್ತಿದ್ದ, ಜೊತೆಗೆ ಆಭರಣ ಮಾಡುವ ಕೆಲಸ ಬಲ್ಲವನು. ಅಂದ್ರೆ ಸಣ್ಣ ಲೋಹದ ಚೂರುಗಳನ್ನು ಕೂದಲೆಳೆಯ ಅಳತೆಗೆ ಅರೆಯೋದು ಅವನ ಕೈಗೆ ಅಭ್ಯಾಸ. ಸಮಸ್ಯೆ ಎಲ್ಲಿದೆ ಅಂತ ಅವನು ಕಂಡುಹಿಡಿದ. ತಂಬೂರಿಯಲ್ಲಿ ನಾವು ಮೇರು ಅನ್ನುತ್ತೇವಲ್ಲ, ಕತ್ತಿನ ತುದಿಯಲ್ಲಿ ತಂತಿ ಹಾದುಹೋಗುವ ಪಟ್ಟಿ, ಗಿಟಾರಿನಲ್ಲಿ ಅದಕ್ಕೆ ನಟ್ ಅಂತ ಹೆಸರು. ಕಡ್ಡಿ ಒತ್ತಿದಾಗ ತಂತಿ ಸಡಿಲವಾಗಿ ಆ ಗಾಡಿಯಲ್ಲಿ ಜಾರುತ್ತೆ. ಬಿಟ್ಟಾಗ ಅದೇ ದಾರಿಯಲ್ಲಿ ವಾಪಸ್ ಜಾರಬೇಕು. ಘರ್ಷಣೆ ಬಿಡೋದಿಲ್ಲ, ಕೂದಲೆಳೆಯಷ್ಟು ಹಿಂದೆಯೇ ಸಿಕ್ಕಿಕೊಳ್ಳುತ್ತೆ. ಬಿರಡೆಗೆ ಸುತ್ತಿದ ಸುರುಳಿಗಳೂ ಸ್ವಲ್ಪ ಸಡಿಲವಾಗಿ ಬೇರೆ ರೀತಿ ಕೂರುತ್ತವೆ. ಕಿವಿಗೆ ಅಷ್ಟೇ ಸಾಕು.

ಎಲ್ಲರ ಹಾಗೆ ಅವನೂ ಮೊದಲು ತಂತಿ ಸುಲಭವಾಗಿ ಜಾರಲಿ ಅಂತ ನಟ್ಟಿಗೆ ಜಾರುಪದಾರ್ಥ ಸವರಿ ನೋಡಿದ. ಪ್ರಯೋಜನ ಆಗಲಿಲ್ಲ. ಆಮೇಲೆ ಹೊಳೆದಿದ್ದು ಪೂರ್ತಿ ತಿರುಗುಮುರುಗು: ಜಾರೋದನ್ನು ಸುಲಭ ಮಾಡೋದ್ಯಾಕೆ, ಜಾರೋದಕ್ಕೇ ಬಿಡಬಾರದು! ಹಿತ್ತಾಳೆಯ ನಟ್ ಮಾಡಿ, ತಂತಿಗಳನ್ನು ಅಲ್ಲೇ ಕ್ಲ್ಯಾಂಪ್ ಹಾಕಿ ಬಿಗಿದ. ಕುದುರೆಯ ಕಡೆಯೂ ಹಾಗೇ ಹಿಡಿದ. ಎರಡು ತುದಿ ಭದ್ರವಾದ ಮೇಲೆ ನಡುವೆ ಉಳಿಯೋದು ಬರೀ ತಂತಿ, ಅದು ಎಷ್ಟು ಸಡಿಲವಾದರೂ ವಾಪಸ್ ಬಂದು ಅಲ್ಲೇ ನಿಲ್ಲಬೇಕು. ಹಿತ್ತಾಳೆ ಬೇಗ ಸವೆಯುತ್ತಿತ್ತು, ಆಮೇಲೆ ಗಟ್ಟಿ ಉಕ್ಕು ಬಂತು. 1976ರ ಹೊತ್ತಿಗೆ ಶುರುವಾದ ಈ ಕೆಲಸಕ್ಕೆ 1979ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಮೊದಲ ಕೈಕೆಲಸದ ತುಂಡುಗಳು ಎಡ್ಡಿ ವಾನ್ ಹೇಲನ್, ಬ್ರಾಡ್ ಗಿಲ್ಲಿಸ್ ಥರದ ಗಿಟಾರ್ ವಾದಕರ ಕೈಗೆ ಹೋದವು. 80ರ ದಶಕದಲ್ಲಿ ಕ್ರೇಮರ್ ಕಂಪನಿ ತನ್ನ ಗಿಟಾರುಗಳಿಗೆ ಇದನ್ನೇ ಕೂರಿಸಿ ಮಾರಿತು, ಜರ್ಮನಿಯ ಶಾಲರ್ ಕಂಪನಿ ತಯಾರಿಕೆಗೆ ಇಳಿಯಿತು.

ಆದರೆ ಒಂದು ಬಗ್ ಸರಿಮಾಡಿದರೆ ಇನ್ನೊಂದು ಎದ್ದು ಬರುತ್ತಲ್ಲ, ಇಲ್ಲೂ ಬಂತು. ನಟ್ ಬಿಗಿಯುವಾಗಲೇ ಸ್ವರ ಸ್ವಲ್ಪ ಕದಲುತ್ತೆ. ಹೊಸ ತಂತಿ ನುಡಿಸುತ್ತಾ ನುಡಿಸುತ್ತಾ ಹಿಗ್ಗುತ್ತೆ. ಬಿರಡೆ ತಿರುಗಿಸಿ ಸರಿಮಾಡೋಣ ಅಂದ್ರೆ ಬಿರಡೆ ಕ್ಲ್ಯಾಂಪಿನ ಆಚೆ ಕಡೆ ಇದೆ. ತಿರುಗಿಸಿದರೂ ಈಚೆ ಕಡೆ ಏನೂ ಆಗೋದಿಲ್ಲ. ಹಾಡು ನಿಲ್ಲಿಸಿ, ಪಾನಾ ತೆಗೆದು, ಲಾಕ್ ಬಿಚ್ಚಿ, ಶ್ರುತಿ ಮಾಡಿ, ಮತ್ತೆ ಬಿಗಿಯಬೇಕು. ಕೊನೆಗೆ 80ರ ದಶಕದ ಆರಂಭದಲ್ಲಿ ಕುದುರೆಯ ಮೇಲೆಯೇ ಆರು ಪುಟ್ಟ ತಿರುಪುಗಳು ಬಂದವು. ಫೈನ್ ಟ್ಯೂನರ್. ಲಾಕ್ ಬಿಚ್ಚದೆ, ಬೆರಳ ತುದಿಯಲ್ಲಿ ಚೂರೇ ಚೂರು ತಿರುಗಿಸಿ ಸ್ವರ ಸರಿ ಮಾಡಿಕೊಳ್ಳಬಹುದು.

ಈ ಫೈನ್ ಟ್ಯೂನರ್ ಎಂಥ ದೊಡ್ಡ ಸಂಶೋಧನೆ ಅಂತ ನಾನು ಹತ್ತು ವರ್ಷ ಬೀಗುತ್ತಿದ್ದೆ. ತಂಬೂರಿಗೆ ನಾಲ್ಕು ತಂತಿ ಹಾಕುವ ತನಕ.

*

ಶನಿವಾರ ಬೆಳಿಗ್ಗೆ ಜಗಲಿ ಮೇಲೆ ಚಾಪೆ ಹಾಸಿದೆವು. ದೊಡ್ಡಪ್ಪ ಗೋಡೆಗೆ ಒರಗಿ ಕೂತರು. ಮೊದಲು ನನ್ನ ಗಿಟಾರ್ ನೋಡಬೇಕು ಅಂದ್ರು. ಸರಿ, ಅದನ್ನೇ ಶುರು ಮಾಡಿದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಗಿಟಾರ್ ಧೂಳು ತಿನ್ನುತ್ತಾ ಕೂತಿದ್ದರೆ ಇದನ್ನು ಓದಿಕೊಂಡು ಮಾಡಿ.

ಮೊದಲು ನಟ್ಟಿನ ಮೂರು ಕ್ಲ್ಯಾಂಪುಗಳನ್ನು ಬಿಚ್ಚಬೇಕು. 3 ಮಿಲಿಮೀಟರಿನ ಆರು ಮೂಲೆಯ ಅಲನ್ ಕೀ ಸಾಕು. ಫೈನ್ ಟ್ಯೂನರುಗಳನ್ನೆಲ್ಲ ಅರ್ಧಕ್ಕೆ ತಂದು ನಿಲ್ಲಿಸಿ, ಮೇಲಕ್ಕೂ ಕೆಳಕ್ಕೂ ತಿರುಗಿಸಲು ಜಾಗ ಇರಲಿ. ಇದನ್ನು ಮರೆತವರು ಕೊನೆಯಲ್ಲಿ ಅಳುತ್ತಾರೆ.

ಆಮೇಲೆ ಎರಡು ದಾರಿ. ಒಂದು, ತಂತಿಗಳನ್ನು ಒಂದೊಂದಾಗಿ ಬದಲಾಯಿಸೋದು. ಒಂದು ತೆಗಿ, ಅದರ ಜಾಗಕ್ಕೆ ಹೊಸದು ಹಾಕಿ ಶ್ರುತಿಗೆ ತಾ, ಆಮೇಲೆ ಮುಂದಿನದು. ತಕ್ಕಡಿ ಪೂರ್ತಿ ವಾಲೋದಿಲ್ಲ. ಇನ್ನೊಂದು, ಎಲ್ಲವನ್ನೂ ಒಟ್ಟಿಗೆ ಬಿಚ್ಚೋದು. ಹಾಗೆ ಮಾಡಿದರೆ ಸ್ಪ್ರಿಂಗು ಕುದುರೆಯನ್ನು ಒಳಕ್ಕೆ ಎಳೆದುಬಿಡುತ್ತೆ. ಅದಕ್ಕೆ ಮೊದಲೇ ಒಂದು ಮರದ ತುಂಡನ್ನು ಬಟ್ಟೆ ಸುತ್ತಿ ಸಿಕ್ಕಿಸಬೇಕು. ಬೋರ್ಡು ಒರೆಸಿ ಶುಚಿ ಮಾಡಬೇಕೆಂದರೆ ಈ ಎರಡನೆಯದೇ ಅನುಕೂಲ. ಎರಡು ವರ್ಷದ ಧೂಳಿತ್ತು, ನಾನು ಎರಡನೆಯದನ್ನೇ ಹಿಡಿದೆ. ದೊಡ್ಡಮ್ಮ ಬಟ್ಟೆ ಒಗೆಯುವ ಜಾಗದಿಂದ ಒಂದು ರೀಪಿನ ತುಂಡು ತಂದುಕೊಟ್ಟರು.

ಗಿಟಾರ್ ತಂತಿಯ ತುದಿಯಲ್ಲಿ ಒಂದು ಪುಟ್ಟ ಹಿತ್ತಾಳೆ ಗುಂಡು ಇರುತ್ತೆ. ಬೇರೆ ಗಿಟಾರುಗಳಲ್ಲಿ ತಂತಿಯನ್ನು ಹಿಡಿದಿಡೋದೇ ಅದು. ಇಲ್ಲಿ ಅದನ್ನು ಕತ್ತರಿಸಿ ಬಿಸಾಡಬೇಕು! ಬರಿಯ ತುದಿಯನ್ನು ಕುದುರೆಯ ಸೀಳಿಗೆ ತೂರಿಸಿ, ಹಿಂದಿನ ಸ್ಕ್ರೂ ಬಿಗಿದರೆ ಒಳಗಿನ ಪುಟ್ಟ ಉಕ್ಕಿನ ತುಂಡು ತಂತಿಯನ್ನು ಒತ್ತಿ ಹಿಡಿಯುತ್ತೆ. ಸಡಿಲ ಬಿಟ್ಟರೆ ತಂತಿ ಚಿಮ್ಮಿ ಬರುತ್ತೆ, ಪೌರುಷ ತೋರಿಸಿದರೆ ಆ ತುಂಡು ಬಿರುಕು ಬಿಡುತ್ತೆ. ಕತ್ತರಿಸೋಕೆ ಮನಸ್ಸು ಬಾರದವರಿಗೆ ಇನ್ನೊಂದು ಉಪಾಯ ಇದೆ. ತಂತಿಯನ್ನು ತಲೆಕೆಳಗು ಮಾಡಿ ಗುಂಡನ್ನು ಬಿರಡೆ ಕಡೆ ಉಳಿಸಿ, ಬರಿಯ ತುದಿಯನ್ನು ಕುದುರೆಗೆ ತರಬಹುದು.

"ಒಂದು ತಂತಿ ಹಾಕಾಕೆ ಇಷ್ಟು ಪಾನಾ ಬೇಕೇನೋ? ಟ್ರ್ಯಾಕ್ಟರ್ ಬಿಚ್ಚಿದಂಗೆ ಬಿಚ್ಚೀಯಲ್ಲ," ಅಂದ್ರು ದೊಡ್ಡಪ್ಪ.

ಆರೂ ಹಾಕಿ, ಬಿರಡೆಗೆ ಎರಡು ಮೂರು ಸುತ್ತು ಸುತ್ತಿ, ಶ್ರುತಿ ಮಾಡಲು ಕೂತೆ. ಅಸಲಿ ಪರೀಕ್ಷೆ ಇಲ್ಲಿದೆ. ಆರು ತಂತಿಗಳ ಒಟ್ಟು ಎಳೆತ ಸುಮಾರು 40 ಕೆ.ಜಿ., ಒಂದೂವರೆ ಅಕ್ಕಿ ಚೀಲದ ತೂಕ. ಅಷ್ಟೂ ಆ ತಕ್ಕಡಿಯ ಒಂದು ಕಡೆ. ಮೊದಲ ತಂತಿ ಶ್ರುತಿಗೆ ತಂದು ಎರಡನೆಯದನ್ನು ಬಿಗಿದರೆ ತಕ್ಕಡಿ ವಾಲಿ ಮೊದಲನೆಯದು ಇಳಿಯುತ್ತೆ. ಆರನೆಯದಕ್ಕೆ ಬರುವಷ್ಟರಲ್ಲಿ ಮೊದಲಿನವು ಎಲ್ಲೋ ಇರುತ್ತವೆ. ಮತ್ತೆ ಮೊದಲಿಂದ. ನಾಲ್ಕೈದು ಸುತ್ತು. ಪ್ರತಿ ಸುತ್ತಿನಲ್ಲೂ ತಂತಿಗಳನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ ಎಳೆದು ಹಿಗ್ಗಿಸಬೇಕು. ಕೊನೆಗೆ ಕುದುರೆ ಗಿಟಾರಿನ ಮೈಗೆ ಸಮಾನಾಂತರವಾಗಿ ನಿಂತಿದೆಯಾ ನೋಡಬೇಕು. ಮುಂದಕ್ಕೆ ವಾಲಿದ್ದರೆ ಬೆನ್ನಿನ ಮುಚ್ಚಳ ತೆಗೆದು ಸ್ಪ್ರಿಂಗ್ ಹಿಡಿದ ಎರಡು ಸ್ಕ್ರೂ ಬಿಗಿ ಮಾಡಿ, ಹಿಂದಕ್ಕೆ ವಾಲಿದ್ದರೆ ಸಡಿಲಿಸಿ, ಮತ್ತೆ ಶ್ರುತಿ ಮಾಡಿ. ಎಲ್ಲ ಸರಿ ಅನಿಸಿದ ಮೇಲೆ ನಟ್ ಲಾಕ್. ಲಾಕ್ ಮಾಡುವಾಗ ಕದಲಿದ್ದನ್ನು ಫೈನ್ ಟ್ಯೂನರಿನಲ್ಲಿ ಸರಿ ಮಾಡಿ. ಮುಗಿಯಿತು.

ಎರಡೂವರೆ ಗಂಟೆ ಹಿಡಿಯಿತು. ಕಡ್ಡಿ ಹಿಡಿದು ತಂತಿಗಳು ಜೋತು ಬೀಳುವಷ್ಟು ಒತ್ತಿ ಬಿಟ್ಟೆ. ಆರೂ ವಾಪಸ್ ಬಂದು ಅಲ್ಲೇ ನಿಂತವು. ಆಂಪ್ಲಿಫೈಯರ್ ಇರಲಿಲ್ಲ, ಜಗಲಿಯ ಮೇಲೆ ಸೊಳ್ಳೆ ಸದ್ದಿನಷ್ಟು ಕೇಳಿಸಿತು. ಆದರೂ ದೊಡ್ಡಪ್ಪ ತಲೆದೂಗಿದರು. "ಚೌಡಿಕೆ ಇದ್ದಂಗೈತಿ," ಅಂದ್ರು. ಅರಮನೆ ಮೈದಾನದಲ್ಲಿ ನನಗೆ ಅನಿಸಿದ್ದನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

*

ಈಗ ತಂಬೂರಿ. ನಾಲ್ಕೇ ತಂತಿ. ಮೂರು ಉಕ್ಕು, ಕೊನೆಯ ಮಂದ್ರ ಷಡ್ಜಕ್ಕೆ ಹಿತ್ತಾಳೆ. ಪ ಸ ಸ ಸ. ಮೆಟ್ಟಿಲಿಲ್ಲ, ಸ್ಪ್ರಿಂಗಿಲ್ಲ, ಪಾನಾ ಬೇಡ. ಅರ್ಧ ಗಂಟೆಯ ಕೆಲಸ ಅಂದುಕೊಂಡೆ.

ಬುರುಡೆಯ ಕೆಳತುದಿಗೆ ತಂತಿ ಸಿಕ್ಕಿಸಿ, ಕುದುರೆ ದಾಟಿಸಿ, ಮೇರುವಿನ ತೂತಿನಿಂದ ಎಳೆದು ಬಿರಡೆಗೆ ಸುತ್ತಿದೆ. ನಾಲ್ಕೂ ಮುಗಿದವು. ಹೆಮ್ಮೆಯಿಂದ ದೊಡ್ಡಪ್ಪನ ಕಡೆ ನೋಡಿದೆ. ಅವರು ಎಡಗೈಯನ್ನು ಚಾಪೆ ಕಡೆ ತೋರಿಸಿದರು. ಚಾಪೆ ಮೇಲೆ ನಾಲ್ಕು ಮಣಿಗಳು ಬಿದ್ದಿದ್ದವು.

"ಅವನ್ನ ಯಾರು ಹಾಕ್ತಾರೆ?"

ತಂಬೂರಿಯಲ್ಲಿ ಕುದುರೆಗೂ ಬುರುಡೆಯ ತುದಿಗೂ ನಡುವೆ ಪ್ರತಿ ತಂತಿಗೂ ಒಂದೊಂದು ಮಣಿ ಇರುತ್ತೆ. ಬಿರಡೆಯಲ್ಲಿ ದೊಡ್ಡ ಶ್ರುತಿ, ಮಣಿಯಲ್ಲಿ ಸಣ್ಣ ಶ್ರುತಿ. ಮರದ ಬಿರಡೆ ಒರಟು, ಕೂದಲೆಳೆಯಷ್ಟು ತಿರುಗು ಅಂದ್ರೆ ಕೇಳೋದಿಲ್ಲ. ಅದಕ್ಕೆ ಅದನ್ನು ಹತ್ತಿರಕ್ಕೆ ತಂದು ಬಿಟ್ಟು, ಆಮೇಲೆ ಮಣಿಯನ್ನು ಚೂರು ಚೂರೇ ಜರುಗಿಸಿ ಸ್ವರ ಕೂರಿಸುತ್ತಾರೆ. ಫ್ಲಾಯ್ಡ್ ರೋಸನ ಕುದುರೆಯ ಮೇಲಿನ ತಿರುಪು ಮಾಡೋದೂ ಇದನ್ನೇ, ಅದೇ ಜಾಗದಲ್ಲಿ. ವೀಣೆಯಲ್ಲೂ ಅಷ್ಟೇ, ತಂತಿಯ ಕೆಳತುದಿಯ ಲಂಗರಿನಲ್ಲಿ ಜಾರುವ ಪುಟ್ಟ ಬಳೆಗಳಿರುತ್ತವೆ. ಅವನು ನಮ್ಮದನ್ನು ನೋಡಿ ಮಾಡಿದ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಒಂದೇ ತೊಂದರೆ ಎದುರಾದರೆ ಬೇರೆ ಬೇರೆ ಊರಿನ ಕೈಗಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ, ಅಷ್ಟೇ. ನನಗೆ ನಾಚಿಕೆ ಆಗಿದ್ದು ಬೇರೆ ಕಾರಣಕ್ಕೆ. ಅಮೆರಿಕದ ಆ ತಿರುಪಿನ ಕಥೆ ನನಗೆ ಬಾಯಿಪಾಠ. ನಮ್ಮ ಭಜನೆ ಮನೆಯ ಮಣಿ ಯಾಕಿದೆ ಅಂತ ಗೊತ್ತಿರಲಿಲ್ಲ. ಅಲಂಕಾರಕ್ಕೆ ಅಂದುಕೊಂಡಿದ್ದೆ.

ಮಣಿ ಹಾಕಬೇಕಾದರೆ ತಂತಿ ಪೂರ್ತಿ ಬಿಚ್ಚಬೇಕು. ಬಿಚ್ಚಿದೆ. ಎರಡನೇ ಸಲ ಸುತ್ತುವಾಗ, ಗಿಟಾರಿನ ಅಭ್ಯಾಸದಲ್ಲಿ ಒಂದೇ ಏಟಿಗೆ ಶ್ರುತಿಗೆ ತರಲು ಹೋಗಿ, ಹಿತ್ತಾಳೆ ತಂತಿಯನ್ನು ಪಟ್ ಅಂತ ಹರಿದೆ. ತಂದಿದ್ದು ಒಂದೇ ಸೆಟ್ಟು.

ಬೈಯುತ್ತಾರೆ ಅಂದುಕೊಂಡೆ. ದೊಡ್ಡಪ್ಪ ಬೈಯಲಿಲ್ಲ. ಒಳಗಿನ ಟ್ರಂಕಿನಿಂದ ಒಂದು ತಗಡಿನ ಡಬ್ಬಿ ತರಿಸಿದರು. ಅದರಲ್ಲಿ ಹಳೆಯ ತಂತಿಗಳು, ಸುರುಳಿ ಸುತ್ತಿ ದಾರ ಕಟ್ಟಿ ಇಟ್ಟಿದ್ದು. ಒಂದು ಹಿತ್ತಾಳೆಯದ್ದೂ ಇತ್ತು. ಬಟ್ಟೆಯಲ್ಲಿ ಒರೆಸಿ ಅದನ್ನೇ ಹಾಕಿದೆ. ಈ ಸಲ ಅವರು ಹೇಳಿದ ಹಾಗೆ. ಎಲ್ಲ ತಂತಿಗಳನ್ನೂ ಅರ್ಧ ಬಿಗಿಗೆ ತಂದು ಒಂದು ರಾತ್ರಿ ಹಾಗೇ ಬಿಡಬೇಕು. ತಂತಿ ತಾನೇ ಹಿಗ್ಗಿ ಕೂರುತ್ತೆ. ಮಾರನೇ ದಿನ ಪೂರ್ತಿ ಶ್ರುತಿ. "ಹೊಸಾ ಎತ್ತಿಗೆ ಮೊದಲನೇ ದಿನಾನೇ ನೇಗಿಲು ಕಟ್ತಾರೇನೋ?" ಅಂದ್ರು.

ನನಗೆ ಹನ್ನೆರಡು ವರ್ಷ ಇದ್ದಾಗ ಇದೇ ಜಗಲಿ ಮೇಲೆ ಅವರು ಕರೆದಿದ್ದರು, "ಬಾರೋ, ತಂತಿ ಹಾಕಾದು ಕಲ್ಕೋ" ಅಂತ. ಅವತ್ತು ಹೊನ್ನಾಳಿಯಲ್ಲಿ ಕಂಪ್ಯೂಟರ್ ಕ್ಲಾಸು ಇತ್ತು, ಓಡಿಹೋಗಿದ್ದೆ. ಅದು ತಪ್ಪು ಅಂತ ನಾನು ಈಗಲೂ ಹೇಳಲಾರೆ, ಆ ಕ್ಲಾಸಿನಿಂದಲೇ ಇವತ್ತು ಅನ್ನ ತಿಂತಿದ್ದೀನಿ. ಆದರೆ ಅವರು ಮತ್ತೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ನನ್ನ ವಾರಿಗೆಯ ಬೇರೆ ಯಾರೂ ಕೇಳಲಿಲ್ಲ. ಈಗ ಊರಲ್ಲಿ ತಂಬೂರಿಗೆ ತಂತಿ ಹಾಕೋದು ಬಲ್ಲ ಕೈ ಒಂದೇ, ಅದಕ್ಕೂ ಹಿಡಿತ ಇಲ್ಲ. ತಂತಿ ಹರಿದ ಮೇಲೆ ಭಜನೆಯವರು ಮೊಬೈಲಿನಲ್ಲಿ ಶ್ರುತಿ ಆ್ಯಪ್ ಹಾಕಿಕೊಂಡು ಹಾಡ್ತಿದ್ದರಂತೆ. ಅದರಲ್ಲೇನೂ ಪಾಪ ಇಲ್ಲ. ಆದರೆ ನಡುವೆ ಯಾರದ್ದಾದರೂ ಕರೆ ಬಂದರೆ ಶ್ರುತಿಯೇ ನಿಂತುಹೋಗುತ್ತೆ.

ಸಂಜೆ ಕೂತಾಗ ನಾನು ಅವರಿಗೆ ಪಿಟೀಲು ಚೌಡಯ್ಯನವರ ಕಥೆ ಹೇಳಿದೆ. ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತವರು. 1920ರ ದಶಕದಲ್ಲಿ ಸಭೆಗಳಲ್ಲಿ ಮೈಕು ಇರಲಿಲ್ಲ, ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಜೊತೆ ತಂತಿ ಕೆಳಸ್ಥಾಯಿಯಲ್ಲಿ ನುಡಿದು ನಾದ ದಪ್ಪವಾಗುತ್ತಿತ್ತು. ಆಮೇಲೆ ಮೈಕು ಬಂತು, ಏಳು ತಂತಿಯ ಪಿಟೀಲಿನ ಅಗತ್ಯ ಕಡಿಮೆಯಾಯಿತು. 1967ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ 1980ರಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದರು. ನೀವೂ ಅಲ್ಲಿ ನಾಟಕ ನೋಡಿರುತ್ತೀರಿ, ಹೊರಗೆ ನಿಂತು ಸೆಲ್ಫಿ ತೆಗೆದುಕೊಂಡಿರುತ್ತೀರಿ.

ದೊಡ್ಡಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಏಳು ತಂತಿ ಪಿಟೀಲಿಗೆ ತಂತಿ ಹಾಕೋರು ಈಗ ಎಷ್ಟು ಜನ ಅದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

*

ಭಾನುವಾರ ಮಧ್ಯಾಹ್ನ ತಂಬೂರಿ ಶ್ರುತಿಗೆ ಬಂತು. ಬಿರಡೆ ನಾನು ತಿರುಗಿಸಿದೆ, ಮಣಿ ಅವರು ಎಡಗೈಯಲ್ಲಿ ಜರುಗಿಸಿದರು. ಎಡಗೈ ಬೆರಳಿಗೆ ಆ ಅಭ್ಯಾಸ ಇಲ್ಲ, ಮತ್ತೆ ಮತ್ತೆ ದಾಟಿ ಹೋಗುತ್ತಿತ್ತು, ಮತ್ತೆ ಹಿಂದಕ್ಕೆ ತರುತ್ತಿದ್ದರು. ನಾನು ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆದಿದ್ದೆ. ಅದರ ಮುಳ್ಳು ನಡುವೆ ಬಂದು ನಿಂತಾಗಲೂ ಅವರು "ಇನ್ನೂ ಇಲ್ಲ" ಅಂತ ಚೂರು ಜರುಗಿಸುತ್ತಿದ್ದರು. ಕೊನೆಗೆ ನಾಲ್ಕೂ ತಂತಿ ಸೇರಿ ಒಂದೇ ದನಿ ಆದಾಗ ಅದು ನನಗೂ ಗೊತ್ತಾಯಿತು. ಫೋನ್ ಜೇಬಿಗಿಟ್ಟೆ.

ಒಂದು ಕೆಲಸ ಮಾತ್ರ ಉಳಿಯಿತು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಇಡುತ್ತಾರೆ, ಅದಕ್ಕೆ ಜೀವ ಅಂತ ಹೆಸರು. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿ ಝೇಂಕರಿಸುತ್ತೆ, ಇಲ್ಲದಿದ್ದರೆ ಬರೀ ಟಣ್ ಅನ್ನುತ್ತೆ. ಮೂರು ತಂತಿಗೆ ಹೇಗೋ ಕೂರಿಸಿದೆ. ಹಿತ್ತಾಳೆ ತಂತಿಗೆ ಎಷ್ಟು ಜರುಗಿಸಿದರೂ ಆಗಲಿಲ್ಲ. ಎಲ್ಲಿಡಬೇಕು ಅಂತ ದೊಡ್ಡಪ್ಪನಿಗೂ ಬಾಯಲ್ಲಿ ಹೇಳೋಕೆ ಆಗಲಿಲ್ಲ. "ಅದು ಕೈಗೆ ಗೊತ್ತಾಗಬೇಕು ಕಣೋ," ಅಂದ್ರು. ಬಸ್ಸಿನ ಹೊತ್ತಾಗಿತ್ತು.

ಹೊರಡುವ ಮುಂಚೆ ನಾನು ಕಲಿತಷ್ಟನ್ನು ಒಂದು ಹಾಳೆಯಲ್ಲಿ ಬರೆದೆ. ಮೊದಲು ಮಣಿ, ಆಮೇಲೆ ಕುದುರೆ, ಆಮೇಲೆ ಮೇರು, ಕೊನೆಗೆ ಬಿರಡೆ. ಅರ್ಧ ಬಿಗಿ, ಒಂದು ರಾತ್ರಿ. ಹರಿದ ತಂತಿ ಬಿಸಾಡಬಾರದು. ಆ ಹಾಳೆಯನ್ನು ತಗಡಿನ ಡಬ್ಬಿಯಲ್ಲಿ ಇಟ್ಟೆ. ಜೀವ ಕೂರಿಸೋದರ ಮುಂದೆ ಜಾಗ ಖಾಲಿ ಬಿಟ್ಟೆ. ಪಕ್ಕದ ಮನೆಯ ಪಿಯುಸಿ ಹುಡುಗ ಎರಡು ದಿನವೂ ಬಂದು ಗಿಟಾರ್ ನೋಡುತ್ತಾ ನಿಂತಿದ್ದ. ಗಿಟಾರನ್ನು ಅವನ ಕೈಗೆ ಕೊಟ್ಟು ಬಂದೆ, ಒಂದೇ ಷರತ್ತಿನ ಮೇಲೆ: ಮುಂದಿನ ಸಲ ನಾನು ಬಂದಾಗ ತಂಬೂರಿ ಬಿಚ್ಚುವಾಗ ಪಕ್ಕದಲ್ಲಿ ಕೂರಬೇಕು.

ಶ್ರಾವಣದ ಮೊದಲ ಶನಿವಾರ ದೊಡ್ಡಪ್ಪ ಫೋನ್ ಮಾಡಿ, ಏನೂ ಮಾತಾಡದೆ ಫೋನನ್ನು ಭಜನೆ ಕಡೆ ಹಿಡಿದರು. ತಾಳ, ಹಾರ್ಮೋನಿಯಂ, ಹಿಂದೆ ತಂಬೂರಿ. ಮೂರು ತಂತಿ ಝೇಂಕರಿಸುತ್ತಿತ್ತು. ನಾಲ್ಕನೆಯದು ಟಣ್ ಅನ್ನುತ್ತಿತ್ತು.

ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ. ಹೊಸ ಹಿತ್ತಾಳೆ ತಂತಿ ಎರಡು ತಗೊಂಡಿದ್ದೀನಿ, ಒಂದು ಹರಿಯೋದಕ್ಕೆ.